ದೊಡ್ಡ ದೋಣಿಯನ್ನು ರಸ್ತೆಯಲ್ಲಿ ಸಾಗಿಸಲು ಪಿಕಪ್ ಸಾಕೇ, ಲಾರಿಯೇ ಬೇಕೇ? ಮಲ್ಪೆ–ಮಂಗಳೂರು ಕಡೆಯ ದೋಣಿ ಮಾಲೀಕರಿಗೊಂದು ಹೋಲಿಕೆ

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಗಂಗೊಳ್ಳಿಯಿಂದ ಮಂಗಳೂರು ಧಕ್ಕೆಯವರೆಗೆ ಒಂದೇ ಗಡಿಬಿಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಅಷ್ಟರೊಳಗೆ ದೋಣಿಗಳು ಸುರಕ್ಷಿತ ಜಾಗ ಸೇರಬೇಕು. ದೊಡ್ಡ ಬಲೆ ಹಾಕುವ ಯಾಂತ್ರಿಕ ದೋಣಿಗಳಾದ ಟ್ರಾಲ್ ಬೋಟ್, ಪರ್ಸೀನ್ ಬೋಟ್‌ಗಳ ಮಾತು ಬೇರೆ. ಅವು ಬಂದರಿನಲ್ಲೇ ಸಾಲುಗಟ್ಟಿ ನಿಲ್ಲುತ್ತವೆ, ಇಲ್ಲವೇ ಕ್ರೇನ್ ಹಿಡಿದು ಯಾರ್ಡ್ ಏರುತ್ತವೆ. ನಿಜವಾದ ಗೊಂದಲ ಇರುವುದು ಇಪ್ಪತ್ತರಿಂದ ಮೂವತ್ತು ಅಡಿ ಉದ್ದದ ಫೈಬರ್ ದೋಣಿ ಇಟ್ಟುಕೊಂಡವರಿಗೆ. ರಿಪೇರಿಗೆ ಒಯ್ಯಬೇಕು, ಮನೆಯ ಹಿತ್ತಲಲ್ಲಿ ಮಳೆಗಾಲ ಕಳೆಯಬೇಕು, ಭಟ್ಕಳದಲ್ಲೋ ಕಾಸರಗೋಡಿನಲ್ಲೋ ಕೊಂಡ ಹಳೆಯ ದೋಣಿಯನ್ನು ಊರಿಗೆ ತರಬೇಕು. ಗಾಳ ಹಾಕುವ ಹವ್ಯಾಸದವರು, ಪ್ರವಾಸಿಗರನ್ನು ಕರೆದೊಯ್ಯುವವರು ವಾರಕ್ಕೊಂದು ಅಳಿವೆಯಲ್ಲಿ ದೋಣಿ ಇಳಿಸುವುದೂ ಈಗ ಹೊಸದಲ್ಲ. ಇವರೆಲ್ಲರೂ ಕೇಳುವುದು ಒಂದೇ: ಟ್ರೇಲರ್ ಮೇಲಿಟ್ಟರೆ ನನ್ನ ಪಿಕಪ್ ಇದನ್ನು ಎಳೆಯುತ್ತದೆಯೇ?

ಎಳೆಯುತ್ತದೆ. ಸಮತಟ್ಟು ರಸ್ತೆಯಲ್ಲಿ ಮೊದಲ ಗೇರಿನಲ್ಲಿ ಎಳೆಯದ ಪಿಕಪ್ ಇಲ್ಲ. ಆದರೆ ಪಡುಬಿದ್ರಿ ಪೇಟೆಯಲ್ಲಿ ಸರ್ವಿಸ್ ರಸ್ತೆಯಿಂದ ಸ್ಕೂಟರೊಂದು ಎದುರಿಗೆ ನುಗ್ಗಿದಾಗ ಹಿಂದಿನ ಎರಡು ಟನ್ ಭಾರವನ್ನು ನಿಲ್ಲಿಸಬಲ್ಲದೇ ಎಂಬುದನ್ನು ನೋಡಿ ಆಯ್ಕೆ ಮಾಡಬೇಕು. ಕೆಳಗಿನ ಹೋಲಿಕೆಯೆಲ್ಲ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ.

ಮೊದಲು ತೂಕ, ಆಮೇಲೆ ವಾಹನ

ದೋಣಿಯ ತೂಕವನ್ನು ಕಟ್ಟಿದವರ ಬಾಯಿಮಾತಿನಿಂದ ನಂಬಬೇಡಿ. ಅವರು ಹೇಳುವುದು ಬರಿಯ ಹೊರಮೈಯ ತೂಕ, ಅದೂ ಹೊಸದಾಗಿದ್ದಾಗ. ನಲವತ್ತು ಅಶ್ವಶಕ್ತಿಯ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಇಂಜಿನ್ ಒಂದಕ್ಕೇ ನೂರು ಕಿಲೋ ಆಸುಪಾಸು. ನೂರು ಲೀಟರ್ ಪೆಟ್ರೋಲ್ ಎಂದರೆ ಸುಮಾರು ಎಪ್ಪತ್ತೈದು ಕಿಲೋ. ಲಂಗರು, ಹಗ್ಗ, ಬಲೆ, ಐಸ್ ಪೆಟ್ಟಿಗೆ, ಬ್ಯಾಟರಿ ಎಲ್ಲ ಸೇರುತ್ತ ಹೋಗುತ್ತದೆ. ಹಳೆಯ ಫೈಬರ್ ದೋಣಿಯಾದರೆ ಒಳಗಿನ ಮರ ಮತ್ತು ಫೋಮ್ ವರ್ಷಗಟ್ಟಲೆ ನೀರು ಕುಡಿದು ಭಾರವಾಗಿರುತ್ತದೆ. ಹೊರಗಿನಿಂದ ನೋಡಿದರೆ ತಿಳಿಯುವುದೇ ಇಲ್ಲ.

ನಮ್ಮ ಕರಾವಳಿಯಲ್ಲಿ ಮರೆಯಲೇಬಾರದ ಇನ್ನೊಂದು ಭಾರ ಮಳೆನೀರು. ಏಳು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ತೆರೆದ ದೋಣಿಯ ಮೇಲೆ ಒಂದು ರಾತ್ರಿ 50 ಮಿಲಿಮೀಟರ್ ಮಳೆ ಸುರಿಯಿತೆನ್ನಿ. ಜೂನ್ ತಿಂಗಳ ಉಡುಪಿಗೆ ಇದೇನೂ ದೊಡ್ಡ ಮಳೆಯಲ್ಲ. ಆದರೂ ಬೆಳಗ್ಗೆ ದೋಣಿಯೊಳಗೆ ಐನೂರು ಲೀಟರಿಗೂ ಹೆಚ್ಚು ನೀರು ನಿಂತಿರುತ್ತದೆ, ಅಂದರೆ ಅರ್ಧ ಟನ್ನಿಗೂ ಹೆಚ್ಚು ಭಾರ. ಆ ನೀರು ಸುಮ್ಮನೆಯೂ ಇರುವುದಿಲ್ಲ. ಬ್ರೇಕ್ ಹಾಕಿದಾಗ ಮುಂದಕ್ಕೆ, ತಿರುವಿನಲ್ಲಿ ಪಕ್ಕಕ್ಕೆ ಹಾಯುತ್ತದೆ. ದೋಣಿ ರಸ್ತೆಗೆ ಬರುವ ಮೊದಲು ತಳದ ಬಿರಡೆ ತೆಗೆದು ಪೂರ್ತಿ ಬಸಿಯಲೇಬೇಕು. ನೀರಿಗೆ ಇಳಿಸುವ ಮೊದಲು ಅದೇ ಬಿರಡೆಯನ್ನು ಹಾಕಲು ಮರೆಯಲೂಬಾರದು.

ನಿಖರ ತೂಕಕ್ಕೆ ಹೆದ್ದಾರಿ ಪಕ್ಕದ, ಲಾರಿ ತೂಗುವ ವೇಬ್ರಿಜ್‌ಗಿಂತ ಒಳ್ಳೆಯ ದಾರಿಯಿಲ್ಲ. ಖಾಲಿ ಪಿಕಪ್ಪನ್ನು ಒಮ್ಮೆ ತೂಗಿ. ಟ್ರೇಲರ್ ಮತ್ತು ದೋಣಿ ಸಿಕ್ಕಿಸಿಕೊಂಡು ಇಡೀ ಜೋಡಿಯನ್ನು ಇನ್ನೊಮ್ಮೆ ತೂಗಿ. ಮೂರನೆಯ ಬಾರಿ, ಕೊಂಡಿ ಸಿಕ್ಕಿಸಿದ ಹಾಗೆಯೇ ಇರಲಿ, ಪಿಕಪ್ಪಿನ ಚಕ್ರಗಳಷ್ಟೇ ತಟ್ಟೆಯ ಮೇಲಿರಲಿ, ಟ್ರೇಲರ್ ಚಕ್ರಗಳು ಹೊರಗಿರಲಿ. ಮೊದಲನೆಯ ಮತ್ತು ಎರಡನೆಯ ತೂಕದ ವ್ಯತ್ಯಾಸ ಎಳೆಯಬೇಕಾದ ಒಟ್ಟು ಭಾರ. ಮೊದಲನೆಯ ಮತ್ತು ಮೂರನೆಯ ತೂಕದ ವ್ಯತ್ಯಾಸ ಕೊಂಡಿಯ ಮೇಲೆ ಕೂರುವ ಭಾರ. ಕೊಂಡಿಯ ಮೇಲಿನ ಈ ಭಾರ ಒಟ್ಟು ಭಾರದ ಹತ್ತನೇ ಒಂದು ಭಾಗದ ಹತ್ತಿರ ಇರಬೇಕು. ತೀರಾ ಕಡಿಮೆಯಾದರೆ ವೇಗ ಏರಿದಂತೆ ಟ್ರೇಲರ್ ಎಡಬಲಕ್ಕೆ ಓಲಾಡತೊಡಗುತ್ತದೆ, ಕೊನೆಗೆ ಪಿಕಪ್ಪನ್ನೇ ಅಡ್ಡ ತಿರುಗಿಸುತ್ತದೆ. ಅತಿ ಹೆಚ್ಚಾದರೆ ಪಿಕಪ್ಪಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ. ಸರಿಪಡಿಸುವುದು ಸುಲಭ: ದೋಣಿಯನ್ನು ಟ್ರೇಲರ್ ಮೇಲೆ ಒಂದಿಷ್ಟು ಹಿಂದೆ ಮುಂದೆ ಸರಿಸಬೇಕು, ಇಲ್ಲವೇ ಇಂಧನದ ಕ್ಯಾನು, ಲಂಗರುಗಳ ಜಾಗ ಬದಲಿಸಬೇಕು.

ಅಗಲವನ್ನೂ ಟೇಪು ಹಿಡಿದು ಅಳೆಯಿರಿ. ರಸ್ತೆಯ ಮೇಲಿನ ವಾಹನದ ಅಗಲಕ್ಕೆ ನಿಯಮದಲ್ಲಿ 2.6 ಮೀಟರ್ ಮಿತಿ ಇದೆ. ದೋಣಿ ಅದಕ್ಕಿಂತ ಅಗಲವಿದ್ದರೆ ಪಿಕಪ್ಪಿನ ಯೋಚನೆಯನ್ನು ಅಲ್ಲಿಗೇ ಕೈಬಿಡಿ.

ಯಾವ ಪಿಕಪ್?

ನಮ್ಮ ಕಡೆ ಮೀನು ಸಾಗಿಸಲು ಎಲ್ಲೆಡೆ ಕಾಣುವುದು ಬೊಲೆರೊ ಪಿಕಪ್. 2.5 ಲೀಟರ್ ಡೀಸೆಲ್ ಇಂಜಿನ್, ಸುಮಾರು 200 ನ್ಯೂಟನ್ ಮೀಟರ್ ತಿರುಗುಬಲ, ಹಿಂದಿನ ಚಕ್ರಕ್ಕೆ ಮಾತ್ರ ಚಾಲನೆ. ಬೆನ್ನ ಮೇಲೆ ಹೊರುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಒಂದೂವರೆ ಟನ್ನಿಗೂ ಮೇಲ್ಪಟ್ಟು ಹೊರುವ ಮಾದರಿಗಳಿವೆ. ಹೊರುವುದಕ್ಕೂ ಎಳೆಯುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಹೊರುವಾಗ ಭಾರ ಹಿಂದಿನ ಚಕ್ರವನ್ನು ನೆಲಕ್ಕೆ ಒತ್ತುತ್ತದೆ, ಬ್ರೇಕಿಗೆ ಹಿಡಿತ ಸಿಗುತ್ತದೆ. ಎಳೆಯುವಾಗ ಭಾರದ ಬಹುಪಾಲು ಟ್ರೇಲರ್ ಚಕ್ರಗಳ ಮೇಲಿದ್ದು, ಬ್ರೇಕ್ ಹಾಕಿದ ಕ್ಷಣ ಹಿಂದಿನಿಂದ ತಳ್ಳುತ್ತದೆ. ಖಾಲಿ ಬೊಲೆರೊ ಪಿಕಪ್ಪಿನ ಹಿಂಭಾಗ ಹಗುರ. ಮಳೆಯಲ್ಲಿ ಒದ್ದೆಯಾದ ರಸ್ತೆಯಲ್ಲಿ ಅದರ ಹಿಂದಿನ ಚಕ್ರಗಳು ಬೇಗ ಜಾರುತ್ತವೆ. ಇಪ್ಪತ್ತು ಅಡಿಯೊಳಗಿನ ಹಗುರ ದೋಣಿಗೆ, ಹತ್ತಿಪ್ಪತ್ತು ಕಿಲೋಮೀಟರಿನ ಸಮತಟ್ಟು ದಾರಿಗೆ ಅದು ಸಾಕು. ಅದಕ್ಕಿಂತ ದೊಡ್ಡದಕ್ಕೆ ನಾನು ಅದನ್ನು ಸೂಚಿಸುವುದಿಲ್ಲ.

ಇಸುಜು ವಿ-ಕ್ರಾಸ್ ಮತ್ತು ಟೊಯೊಟಾ ಹೈಲಕ್ಸ್ ಬೇರೆಯೇ ವರ್ಗದವು. ವಿ-ಕ್ರಾಸ್‌ನ 1.9 ಲೀಟರ್ ಇಂಜಿನ್ 360 ನ್ಯೂಟನ್ ಮೀಟರ್ ಕೊಡುತ್ತದೆ. 2022ರಲ್ಲಿ ಭಾರತಕ್ಕೆ ಬಂದ ಹೈಲಕ್ಸ್‌ನ 2.8 ಲೀಟರ್ ಇಂಜಿನ್ ಮ್ಯಾನ್ಯುಯಲ್ ಗೇರಿನಲ್ಲಿ 420, ಆಟೊಮ್ಯಾಟಿಕ್‌ನಲ್ಲಿ 500. ನಾಲ್ಕೂ ಚಕ್ರಕ್ಕೆ ಚಾಲನೆ ಇರುವ ಮಾದರಿಗಳಲ್ಲಿ ನಿಧಾನಗತಿಯ ಹೆಚ್ಚುವರಿ ಗೇರೂ ಇದೆ. ನೀರಂಚಿನ ಪಾಚಿ ಕಟ್ಟಿದ ಇಳಿಜಾರು ರ‍್ಯಾಂಪಿನಿಂದ ದೋಣಿಯನ್ನು ಮೇಲೆಳೆಯುವಾಗ ಈ ಗೇರಿನ ಬೆಲೆ ಗೊತ್ತಾಗುತ್ತದೆ: ಕ್ಲಚ್ ಸುಡದೆ, ಚಕ್ರ ಸುತ್ತದೆ, ನಡಿಗೆಯ ವೇಗದಲ್ಲಿ ಗಾಡಿ ಮೇಲೇರುತ್ತದೆ. ಇವೆರಡರಲ್ಲಿ ಒಂದನ್ನು ಆರಿಸಬೇಕಾದರೆ, ದೋಣಿ ಎಳೆಯುವ ಕೆಲಸವೊಂದನ್ನೇ ನೋಡಿದರೆ ಹೈಲಕ್ಸ್ ಮೇಲು. ಅದರ ಆಟೊಮ್ಯಾಟಿಕ್ ಗೇರು ರ‍್ಯಾಂಪಿನಲ್ಲಿ ಹಿಂದೆ ಮುಂದೆ ಇಂಚಿಂಚು ಸರಿಯುವಾಗ ಚಾಲಕನ ಅರ್ಧ ಕಷ್ಟ ಕಡಿಮೆ ಮಾಡುತ್ತದೆ. ಆದರೆ ಬೆಲೆಯ ಅಂತರ ನೋಡಿದರೆ, ಉಳಿಯುವ ಹಣವನ್ನು ಒಳ್ಳೆಯ ಟ್ರೇಲರ್‌ಗೆ ಹಾಕಿ ವಿ-ಕ್ರಾಸ್ ಕೊಳ್ಳುವುದು ಹೆಚ್ಚು ಬುದ್ಧಿವಂತಿಕೆ. ಸಾಧಾರಣ ಟ್ರೇಲರ್ ಹಿಂದಿಟ್ಟುಕೊಂಡ ದುಬಾರಿ ಪಿಕಪ್ ಅಪಾಯಕಾರಿಯೇ.

ಅಂತರಜಾಲದಲ್ಲಿ ಈ ವಾಹನಗಳು ಮೂರೂವರೆ ಟನ್ ಎಳೆಯುತ್ತವೆ ಎಂಬ ಮಾತು ಓದಿರುತ್ತೀರಿ. ಅದು ಹೊರದೇಶಗಳಲ್ಲಿ, ಸ್ವಂತ ಬ್ರೇಕ್ ಇರುವ ಟ್ರೇಲರ್‌ಗೆ ಕೊಟ್ಟ ಅಂಕಿ. ಬ್ರೇಕ್ ಇಲ್ಲದ ಟ್ರೇಲರ್ ಆದರೆ ಅಲ್ಲಿಯೂ ಮಿತಿ 750 ಕಿಲೋ ಮಾತ್ರ. ಒಂದೇ ಪಿಕಪ್, ಎರಡು ಮಿತಿ. ನಡುವಿನ ಎರಡೂ ಮುಕ್ಕಾಲು ಟನ್ನಿನ ಅಂತರವೆಲ್ಲ ಟ್ರೇಲರ್ ಬ್ರೇಕಿನದು. ನಿಮ್ಮ ವಾಹನದ ಜೊತೆ ಬಂದ ಕೈಪಿಡಿಯಲ್ಲಿ ಎಳೆಯುವ ಮಿತಿ ಬರೆದಿದ್ದರೆ ಅದೇ ಅಂತಿಮ. ಬರೆದಿಲ್ಲದಿದ್ದರೆ ಷೋರೂಮಿನಿಂದ ಲಿಖಿತವಾಗಿ ಕೇಳಿ ಪಡೆಯಿರಿ.

ಟ್ರೇಲರ್‌ನ ಮಾತು ಪಿಕಪ್‌ಗಿಂತ ದೊಡ್ಡದು

ಇಲ್ಲಿನ ವೆಲ್ಡಿಂಗ್ ಅಂಗಡಿಗಳಲ್ಲಿ ಕೈಚಳಕಕ್ಕೆ ಕೊರತೆಯಿಲ್ಲ. ಕಬ್ಬಿಣದ ಚೌಕಟ್ಟು, ಹಳೆಯ ಜೀಪಿನ ಆ್ಯಕ್ಸಲ್, ಎರಡು ಚಕ್ರ ಸೇರಿಸಿ ವಾರದಲ್ಲಿ ಗಾಡಿ ಮಾಡಿಕೊಡುತ್ತಾರೆ. ಬಹುತೇಕ ಅವುಗಳಲ್ಲಿ ಇಲ್ಲದಿರುವುದು ಬ್ರೇಕ್ ಒಂದೇ. ಒಟ್ಟು ಭಾರ 750 ಕಿಲೋ ದಾಟಿದರೆ ಬ್ರೇಕ್ ಇಲ್ಲದ ಟ್ರೇಲರ್ ಬೇಡವೇ ಬೇಡ. ವೇಗ ಗಂಟೆಗೆ 40ರಿಂದ 60ಕ್ಕೆ ಏರಿದರೆ, ನಿಲ್ಲಿಸಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟಾಗುತ್ತದೆ. ಆ ಶಕ್ತಿಯನ್ನೆಲ್ಲ ಪಿಕಪ್ಪಿನ ನಾಲ್ಕು ಚಕ್ರಗಳೇ ನುಂಗಬೇಕೆಂದರೆ ಆಗದು.

ದೋಣಿ ಟ್ರೇಲರ್‌ಗೆ ಒಗ್ಗುವುದು ತಳ್ಳುಬಲದಿಂದ ತಾನಾಗಿ ಕೆಲಸ ಮಾಡುವ ಬ್ರೇಕ್. ಪಿಕಪ್ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ನುಗ್ಗುತ್ತದೆ; ಆ ನುಗ್ಗುವಿಕೆಯೇ ಕೊಂಡಿಯೊಳಗಿನ ಸಿಲಿಂಡರನ್ನೋ ಸರಳನ್ನೋ ಒತ್ತಿ ಟ್ರೇಲರ್ ಚಕ್ರಗಳಿಗೆ ಬ್ರೇಕ್ ಹಾಕುತ್ತದೆ. ವಿದ್ಯುತ್ ಬ್ರೇಕ್ ಬೇರೆ ಟ್ರೇಲರ್‌ಗಳಿಗೆ ಒಳ್ಳೆಯದೇ, ಆದರೆ ಉಪ್ಪುನೀರಿನಲ್ಲಿ ಮುಳುಗೇಳುವ ಗಾಡಿಗೆ ಅದು ಬಾಳಿಕೆ ಬರುವುದಿಲ್ಲ.

ಒಂದು ಆ್ಯಕ್ಸಲ್ಲೋ ಎರಡೋ? ಒಂದೂವರೆ ಟನ್ನಿನ ಮೇಲೆ ಎರಡು ಆ್ಯಕ್ಸಲ್ ಇರಲಿ. ಓಲಾಟ ಕಡಿಮೆ, ಒಂದು ಟಯರ್ ಒಡೆದರೂ ದೋಣಿ ನೆಲಕ್ಕೆ ಕುಕ್ಕರಿಸುವುದಿಲ್ಲ. ಕಿರಿದಾದ ಕೇರಿ ರಸ್ತೆಯಲ್ಲಿ ತಿರುಗಿಸುವುದು ಸ್ವಲ್ಪ ಕಷ್ಟ, ಟಯರ್ ಸವೆತವೂ ಹೆಚ್ಚು; ಅದನ್ನು ಸಹಿಸಿಕೊಳ್ಳಬಹುದು. ದೋಣಿ ಕೂರುವ ಜಾಗಕ್ಕೆ ಮರಳು ದಡದಲ್ಲಿ ರಬ್ಬರ್ ರೋಲರ್ ಅನುಕೂಲ, ದೂರದ ಪ್ರಯಾಣಕ್ಕೆ ದಪ್ಪ ಬಟ್ಟೆ ಸುತ್ತಿದ ಉದ್ದನೆಯ ಮರದ ಹಾಸು. ರೋಲರ್ ಮೇಲೆ ಭಾರವೆಲ್ಲ ಕೆಲವೇ ಬಿಂದುಗಳಲ್ಲಿ ಕೂರುತ್ತದೆ. ಗುಂಡಿ ರಸ್ತೆಯಲ್ಲಿ ಆ ಜಾಗದಲ್ಲೇ ಫೈಬರ್ ಬಿರಿಯುವುದು.

ಇನ್ನು ಉಪ್ಪುನೀರಿನ ಕಾಟ. ಮೂವತ್ತು ಕಿಲೋಮೀಟರ್ ಓಡಿ ಬಂದ ಟ್ರೇಲರ್‌ನ ಚಕ್ರದ ನಡುಭಾಗದ ಹಬ್ಬಿನ ಮೇಲೆ ಕೈಯಿಟ್ಟು ನೋಡಿ, ಬಿಸಿಯಾಗಿರುತ್ತದೆ. ಅದನ್ನು ಹಾಗೆಯೇ ನೀರಿಗಿಳಿಸಿದರೆ ಒಳಗಿನ ಬಿಸಿ ಗಾಳಿ ಥಟ್ಟನೆ ಕುಗ್ಗಿ, ಸೀಲಿನ ಸಂದಿಯಿಂದ ಉಪ್ಪುನೀರನ್ನು ಒಳಗೆಳೆದುಕೊಳ್ಳುತ್ತದೆ. ಕೆಲವೇ ವಾರಗಳಲ್ಲಿ ಹಬ್ಬಿನ ಮುಚ್ಚಳ ತೆಗೆದರೆ ಕಂದು ಗ್ರೀಸಿನ ಬದಲು ಬಿಳಿಚಿದ ನೊರೆಯಂಥ ಪದಾರ್ಥ, ಅದರೊಳಗೆ ಬೆರಳಾಡಿಸಿದರೆ ತುಕ್ಕಿನ ಹರಳು. ಚಕ್ರವನ್ನು ಎತ್ತಿ ಕೈಯಿಂದ ತಿರುಗಿಸಿದಾಗ ಬೇರಿಂಗ್ ಗರಗರ ಎನ್ನುತ್ತದೆ. ಅಂಥ ಬೇರಿಂಗ್ ಹೆದ್ದಾರಿಯಲ್ಲಿ ಕಚ್ಚಿಕೊಂಡರೆ ಚಕ್ರವೇ ಕಳಚಿ ಹೋದೀತು. ರ‍್ಯಾಂಪಿಗೆ ಬಂದ ಮೇಲೆ ಅರ್ಧ ಗಂಟೆ ಗಾಡಿ ತಣಿಯಲು ಬಿಡಿ. ಆ ಹೊತ್ತಿನಲ್ಲಿ ಹಗ್ಗ ಬಿಚ್ಚುವುದು, ಇಂಜಿನ್ ನೋಡುವುದು, ಬಿರಡೆ ಹಾಕುವುದು ಮುಗಿಯುತ್ತದೆ. ಮನೆಗೆ ಬಂದ ದಿನವೇ ಸಿಹಿನೀರಿನಿಂದ ಟ್ರೇಲರ್‌ನ ಮೂಲೆಮೂಲೆ ತೊಳೆಯಿರಿ, ಹಬ್ಬಿಗೆ ಹೊಸ ಗ್ರೀಸ್ ಒತ್ತಿ. ಚೌಕಟ್ಟು ಬಣ್ಣ ಬಳಿದದ್ದಕ್ಕಿಂತ ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದಾಗಿರಲಿ. ನಮ್ಮ ಕಡಲ ಗಾಳಿಗೆ ಬಣ್ಣ ಹೆಚ್ಚು ದಿನ ತಡೆಯದು.

ಕಾಗದಪತ್ರ

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಒಂದು ಮೋಟಾರು ವಾಹನವೇ. ಅದಕ್ಕೆ ಸ್ವಂತ ನೋಂದಣಿ ಬೇಕು, ಸ್ವಂತ ನಂಬರ್ ಪ್ಲೇಟ್ ಬೇಕು, ವಿಮೆ ಬೇಕು. ಆದ್ದರಿಂದ ವೆಲ್ಡಿಂಗ್ ಅಂಗಡಿಗೆ ಮುಂಗಡ ಕೊಡುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಅನುಮೋದಿತ ತಯಾರಕರ ಟ್ರೇಲರ್ ಕೊಂಡರೆ ಅರ್ಧ ಅಲೆದಾಟ ತಪ್ಪುತ್ತದೆ. ಪಿಕಪ್ಪಿನ ವಿಮೆ ಟ್ರೇಲರ್ ಎಳೆಯುವಾಗಲೂ ಅನ್ವಯಿಸುತ್ತದೆಯೇ ಎಂದು ಕಂಪನಿಯಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಬಿಳಿ ಬೋರ್ಡಿನ ಖಾಸಗಿ ವಾಹನದಲ್ಲಿ ಬಾಡಿಗೆ ಪಡೆದು ಬೇರೆಯವರ ದೋಣಿ ಸಾಗಿಸುವಂತಿಲ್ಲ. ನೆರೆಮನೆಯವರಿಗೆ ಉಪಕಾರವೆಂದು ಶುರುವಾದದ್ದು ನಿಧಾನವಾಗಿ ದಂಧೆಯಾಗುವುದುಂಟು, ಎಚ್ಚರವಿರಲಿ.

ಲಾರಿ, ಟ್ರ್ಯಾಕ್ಟರ್, ಕಡಲ ದಾರಿ

ವರ್ಷಕ್ಕೆ ಎರಡೇ ಬಾರಿ, ಅಂದರೆ ಮಳೆಗಾಲಕ್ಕೆ ಮೊದಲು ಮೇಲಕ್ಕೆ, ಮುಗಿದ ಮೇಲೆ ಕೆಳಕ್ಕೆ ಒಯ್ಯುವವರಿಗೆ ನನ್ನ ಸಲಹೆ ಸ್ಪಷ್ಟ: ಟ್ರೇಲರ್ ಕೊಳ್ಳಬೇಡಿ, ಲಾರಿ ಮತ್ತು ಕ್ರೇನ್ ಹಿಡಿಯಿರಿ. ಹತ್ತು ತಿಂಗಳು ಹಿತ್ತಲಲ್ಲಿ ತುಕ್ಕು ಹಿಡಿಯುವ ಟ್ರೇಲರ್‌ಗೆ ಹಾಕುವ ಹಣದಲ್ಲಿ ಹಲವು ವರ್ಷದ ಬಾಡಿಗೆ ಹೋಗುತ್ತದೆ. ಕ್ರೇನಿಗೆ ಎರಡು ಬಾರಿ ಕೊಡಬೇಕು ಎಂಬುದನ್ನು ಮರೆಯಬೇಡಿ, ಏರಿಸಲು ಒಮ್ಮೆ, ಇಳಿಸಲು ಒಮ್ಮೆ. ಅಕ್ಕಪಕ್ಕದ ನಾಲ್ಕು ದೋಣಿಯವರು ಒಂದೇ ದಿನ ಗೊತ್ತು ಮಾಡಿಕೊಂಡರೆ ಈ ಖರ್ಚು ಹಂಚಿಹೋಗುತ್ತದೆ.

ಎತ್ತುವಾಗ ಅಗಲವಾದ ಬಟ್ಟೆಯ ಬೆಲ್ಟ್ ಎರಡು ಇರಲಿ, ಮೇಲೆ ಅವುಗಳನ್ನು ಅಗಲಿಸಿ ಹಿಡಿಯುವ ಅಡ್ಡ ಕಂಬವಿರಲಿ. ಕಂಬವಿಲ್ಲದೆ ಎತ್ತಿದರೆ ಬೆಲ್ಟು ದೋಣಿಯ ಎರಡೂ ಬದಿಯನ್ನು ಒಳಕ್ಕೆ ಹಿಂಡುತ್ತದೆ. ಬಿರುಕು ಆ ದಿನ ಕಾಣುವುದಿಲ್ಲ, ಕಡಲಿನಲ್ಲಿ ಕಾಣುತ್ತದೆ. ದೋಣಿಯ ಉದ್ದಕ್ಕೆ ಸಾಲುವ ಲಾರಿಯನ್ನೇ ಹಿಡಿಯಿರಿ. ಹದಿನೇಳು ಅಡಿಯ ಲಾರಿಯಲ್ಲಿ ಇಪ್ಪತ್ತೆಂಟು ಅಡಿಯ ದೋಣಿ ಹೇರಿ, ಚಾಚಿದ ತುದಿಗೆ ಕೆಂಪು ಬಟ್ಟೆ ಕಟ್ಟಿ ಹೊರಡುವ ರೂಢಿ ನಿಲ್ಲಬೇಕು. ಹಿಂದಿನಿಂದ ಬರುವ ಬೈಕ್ ಸವಾರನ ಎತ್ತರಕ್ಕೇ ಆ ತುದಿ ಇರುತ್ತದೆ. ಮಿತಿ ಮೀರಿ ಚಾಚಿದ ಸರಕಿಗೆ 2019ರ ತಿದ್ದುಪಡಿಯ ಬಳಿಕ 20,000 ರೂಪಾಯಿ ದಂಡವೂ ಇದೆ.

ಟ್ರ್ಯಾಕ್ಟರ್ ದಡದ ಕೆಲಸಕ್ಕೆ. ಮರಳಿನಲ್ಲಿ ದೊಡ್ಡ ಚಕ್ರದ ಟ್ರ್ಯಾಕ್ಟರ್ ಮಾಡುವ ಕೆಲಸವನ್ನು ಹೈಲಕ್ಸ್ ಕೂಡ ಮಾಡಲಾರದು. ದಡದಿಂದ ಒಂದೆರಡು ಕಿಲೋಮೀಟರ್ ಒಳಗಿನ ಮನೆಯವರೆಗೆ ಅದೇ ಅಗ್ಗ, ಅದೇ ಸುರಕ್ಷಿತ. ಹೆದ್ದಾರಿ ಹತ್ತಿಸಬೇಡಿ. ಟ್ರ್ಯಾಕ್ಟರ್ ಗಾಡಿಗೆ ಸ್ಪ್ರಿಂಗ್ ಇರುವುದು ಅಪರೂಪ, ಪ್ರತಿ ಗುಂಡಿಯ ಪೆಟ್ಟೂ ನೇರ ದೋಣಿಯ ತಳಕ್ಕೆ.

ಕಡಲ ದಾರಿಯನ್ನು ಮೀನುಗಾರರಿಗೆ ನಾನು ಹೇಳಿಕೊಡಬೇಕಿಲ್ಲ. 2.6 ಮೀಟರಿಗಿಂತ ಅಗಲದ ದೋಣಿಗೆ, ಇಂಜಿನ್ ಸುಸ್ಥಿತಿಯಲ್ಲಿದ್ದರೆ, ನವೆಂಬರಿನಿಂದ ಮಾರ್ಚ್‌ವರೆಗಿನ ಶಾಂತ ಕಡಲಿನಲ್ಲಿ ಮಂಗಳೂರಿನಿಂದ ಮಲ್ಪೆಗೆ ನೀರಿನಲ್ಲೇ ಹೋಗುವುದು ರಸ್ತೆಗಿಂತ ಸುಲಭ. ಹೊಸದಾಗಿ ಕೊಂಡ, ಇಂಜಿನ್ನಿನ ಚರಿತ್ರೆ ಗೊತ್ತಿಲ್ಲದ ದೋಣಿಯನ್ನು ಮಾತ್ರ ಮೊದಲ ಬಾರಿಗೆ ರಸ್ತೆಯಲ್ಲೇ ತನ್ನಿ. ಅಳಿವೆಯ ಮರಳುದಿಣ್ಣೆ ದಾಟುವಾಗ ಇಂಜಿನ್ ನಿಂತರೆ ಅಲೆ ಪುರುಸೊತ್ತು ಕೊಡುವುದಿಲ್ಲ.

ದಾರಿ ನೋಡಿ ನಿರ್ಧರಿಸಿ

ಮಂಗಳೂರು–ಉಡುಪಿ ನಡುವಿನ ಹೆದ್ದಾರಿ 66 ಬಹುತೇಕ ಸಮತಟ್ಟು, ಟ್ರೇಲರ್‌ಗೆ ಒಗ್ಗುತ್ತದೆ. ಪಾವಂಜೆ, ಮೂಲ್ಕಿ, ಉದ್ಯಾವರ ಸೇತುವೆಗಳ ಮೇಲೆ ಮಧ್ಯಾಹ್ನದ ಕಡಲ ಗಾಳಿ ಪಕ್ಕದಿಂದ ಹೊಡೆಯುತ್ತದೆ. ಎತ್ತರದ ದೋಣಿಗೆ ಅದು ತಾಗದೆ ಇರದು. ಬೆಳಗಿನ ಆರೇಳು ಗಂಟೆ ಒಳ್ಳೆಯ ಹೊತ್ತು. ವೇಗ ಐವತ್ತು ಸಾಕು. ಓಲಾಟ ಶುರುವಾದರೆ ಬ್ರೇಕ್ ಒತ್ತಬೇಡಿ, ಸ್ಟೇರಿಂಗ್ ಎಳೆದಾಡಬೇಡಿ. ನೇರ ಹಿಡಿದು ಆಕ್ಸಿಲರೇಟರ್ ಬಿಡಿ, ತಾನಾಗಿ ತಗ್ಗುತ್ತದೆ.

ಶರಾವತಿ ಹಿನ್ನೀರಿಗೋ ಭದ್ರಾ ಜಲಾಶಯಕ್ಕೋ ಒಯ್ಯುವವರಿಗೆ ಘಾಟಿ ದಾಟದೆ ಗತಿಯಿಲ್ಲ. ಆಗುಂಬೆಯ ಹಿಮ್ಮುರಿ ತಿರುವುಗಳಲ್ಲಿ ಉದ್ದನೆಯ ಟ್ರೇಲರ್ ಎದುರಿನ ವಾಹನದ ಜಾಗವನ್ನೂ ತುಂಬಿಬಿಡುತ್ತದೆ, ಅತ್ತ ಕಣ್ಣೆತ್ತಿಯೂ ನೋಡಬೇಡಿ. ಸುತ್ತಾದರೂ ಶಿರಾಡಿ ಮೇಲು, ಅದೂ ಮಳೆಗಾಲದಲ್ಲಿ ಗುಡ್ಡ ಕುಸಿದಿಲ್ಲವೆಂದು ವಿಚಾರಿಸಿಕೊಂಡು. ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅದು ಕಾದು ಕೆಳಗೆ ಬರುವಷ್ಟರಲ್ಲಿ ಹಿಡಿಯುವುದನ್ನೇ ಬಿಡುತ್ತದೆ. ಒಂದೂವರೆ ಟನ್ ಮೀರಿದ ದೋಣಿಯನ್ನು ಘಾಟಿಗೆ ಒಯ್ಯುವುದಾದರೆ ಎಷ್ಟೇ ಒಳ್ಳೆಯ ಪಿಕಪ್ ಇದ್ದರೂ ಲಾರಿಯನ್ನೇ ಹಿಡಿಯಿರಿ.

ರ‍್ಯಾಂಪಿನ ವಿಷಯದಲ್ಲಿ ಭರತ ಇಳಿತದ ಲೆಕ್ಕ ಇಟ್ಟುಕೊಳ್ಳಿ. ನಮ್ಮಲ್ಲಿ ನೀರಿನ ಏರಿಳಿತ ಒಂದರಿಂದ ಒಂದೂವರೆ ಮೀಟರ್ ಅಷ್ಟೇ, ಆದರೂ ಇಳಿತದ ಹೊತ್ತಿಗೆ ರ‍್ಯಾಂಪಿನ ಪಾಚಿಗಟ್ಟಿದ ಕೆಳತುದಿ ಬಯಲಾಗುತ್ತದೆ, ಅದರಾಚೆ ಕೆಸರು. ಹಿಂದಿನ ಚಕ್ರಕ್ಕೆ ಮಾತ್ರ ಚಾಲನೆ ಇರುವ ಪಿಕಪ್ ಅಲ್ಲಿ ಸಿಕ್ಕಿಕೊಂಡರೆ ಭರತ ಏರುತ್ತ ಬರುತ್ತದೆ, ಗಾಡಿ ಏರುವುದಿಲ್ಲ. ಅಂಥ ವಾಹನವಿದ್ದವರು ಭರತಕ್ಕೆ ಒಂದು ಗಂಟೆ ಮೊದಲು ರ‍್ಯಾಂಪ್ ತಲುಪುವಂತೆ ಹೊರಡಬೇಕು. ಚಕ್ರಕ್ಕೆ ಅಡ್ಡ ಕೊಡಲು ಎರಡು ಗಟ್ಟಿ ಮರದ ತುಂಡು, ಉದ್ದನೆಯ ಹಗ್ಗವೊಂದು, ಟ್ರೇಲರ್‌ಗೆ ಸರಿಹೊಂದುವ ಸ್ಟೆಪ್ನಿ ಜೊತೆಯಲ್ಲಿರಲಿ. ಪಿಕಪ್ಪಿನ ಸ್ಟೆಪ್ನಿ ಟ್ರೇಲರ್‌ಗೆ ಕೂರುವುದಿಲ್ಲ ಎಂಬುದು ಪಂಕ್ಚರ್ ಆದ ಮೇಲೆ ಗೊತ್ತಾಗುವ ಬದಲು ಈಗಲೇ ಬೋಲ್ಟ್ ಅಳೆದು ನೋಡಿ.